ಕುವೈತಿನಾಗ ನಾ ಒಗದ ಚೆಂಡು

ಮಾತು ಒಂದು, ಅರ್ಥ ಹನ್ನೊಂದು ಆದ್ರ ಮನುಷ್ಯಾ ಏನು ಮಾಡ್ಬೇಕ್ರೀ? ಕುವೈತಿನಾಗ ಹನ್ನೆರಡು ವರ್ಷ ಎ.ಸಿ. ರಿಪೇರಿ ಮಾಡಿದೆ, ಇಂಥಾ ಪಜೀತಿ ಇಲ್ಲದ ಒಂದು ವಾರನೂ ಹೋಗ್ಲಿಲ್ಲ. ಈಗ ಹುಬ್ಬಳ್ಳ್ಯಾಗ ಕುಂತು ನೆನಸಿದ್ರ ನಗುನೂ ಬರ್ತೈತಿ, ಆ ದಿನಾ ಮತ್ತ ಬೇಕು ಅನ್ನಿಸ್ತೈತಿ.

೧. ಆಟದ ಮೊದಲನೇ ಶುಕ್ರವಾರ

ತೊಂಬತ್ತರ ದಶಕದ ಮಾತು. ನಮ್ಮ ಕಫೀಲ್, ಅಂದ್ರ ವೀಸಾ ಕೊಟ್ಟ ಮಾಲಕ, ಅಮೇರಿಕಾದಾಗ ಓದಿ ಬೇಸ್‌ಬಾಲ್ ಹುಚ್ಚು ಹಚ್ಕೊಂಡು ಬಂದಾಂವ. ನಾ ಊರಾಗ ಫಾಸ್ಟ್ ಬೌಲರ್ ಇದ್ದೆ ಅಂತ ಯಾರೋ ಅಂವನ ಕಿವ್ಯಾಗ ಊದಿದ್ರು. ಶುಕ್ರವಾರದ ಸೂಟಿ ದಿನ, ರಾಯ್ ಅನ್ನೋ ಏರಿಯಾದಾಗಿನ ನಮ್ಮ ವರ್ಕ್‌ಶಾಪ್ ಹಿಂದಿನ ಬಯಲಾಗ ನಿಲ್ಲಿಸಿ, ಕೈಯಾಗ ಚೆಂಡು ಕೊಟ್ಟು, "ಯಲ್ಲಾ, ಬಿಚ್!" ಅಂದ.

'ಯಲ್ಲಾ' ಅಂದ್ರ ಅರಬ್ಬಿಯಾಗ 'ಹೂಂ, ನಡಿ' ಅಂತ ಗೊತ್ತಿತ್ತು, ಆದ್ರ 'ಬಿಚ್'? ಅಯ್ಯ ಶಿವನ! ಇಂವ ಕನ್ನಡ ಯಾವಾಗ ಕಲ್ತಾ? ಮಾಲಕನ ಮಾತು ಮೀರೋದು ಹ್ಯಾಂಗ? ಅಂಗಿ ಗುಂಡಿ ಬಿಚ್ಚಿದೆ.

"ಬಿಚ್! ಬಿಚ್!" ಅಂತ ಚೀರಿದ. ಬನಿಯನ್ನಿಗೂ ಕೈ ಹಾಕಿದೆ.

ಆಫೀಸಿನ ಮಂಗಳೂರಿನ ಗುಮಾಸ್ತರು ಓಡಿ ಬಂದ್ರು. "ಅಯ್ಯೋ ಮಾರಾಯ್ರೇ, ಅಂಗಿ ಹಾಕಿ! ಅರಬ್ಬರ ಬಾಯಲ್ಲಿ 'ಪ' ಇಲ್ಲ. ಅವರು 'ಪಿಚ್' ಅಂತ ಹೇಳುದು, ಚೆಂಡು ಬಿಸಾಡ್ಲಿಕ್ಕೆ!"

೨. ನೆಲಾ ಮುಟ್ಟಬಾರ್ದು

ಪಿಚ್ ಅಂದ್ರ ನಮಗ ಗೊತ್ತಿಲ್ಲೇನು? ಓಡಿ ಬಂದು ಚೆಂಡನ್ನ ನೆಲಕ್ಕ ಪಿಚ್ ಮಾಡಿ ಎಬ್ಬಿಸಿದೆ. ಕಫೀಲ್ ತಲಿ ಹಿಡ್ಕೊಂಡು ಹರಕು-ಮುರಕು ಹಿಂದ್ಯಾಗ ಚೀರಿದ: "ನೆಲಾ ಮುಟ್ಟಬಾರ್ದು!"

"ನೆಲಾ ಮುಟ್ಟದಿದ್ರ ಅದು ಪಿಚ್ ಹ್ಯಾಂಗಾತ್ರೀ? ಫುಲ್‌ಟಾಸ್ ಅದು!"

ಅಂವ ನಕ್ಕ. "ನನ್ನ ಗೆಳೆಯನ ಟೀಮ್ ಸೋಲಿಸು, ನಿನ್ನ ಹೆಂಡ್ತಿ ವೀಸಾಕ್ಕ ಸಹಿ ಹಾಕ್ತೀನಿ."

ಮದಿವ್ಯಾಗಿ ಎರಡ ತಿಂಗಳಿಗೆ ಆಕೀನ್ನ ಬಿಟ್ಟು ಬಂದಾಂವ ನಾನು. ಮಾರಿ ನೋಡಿ ಎರಡು ವರ್ಷ ಆಗಿತ್ತು. ಅವತ್ತಿಂದ ನನ್ನ ಚೆಂಡು ನೆಲಾ ಮುಟ್ಟಿದ್ರ ಕೇಳ್ರಿ! ಗೆದ್ವಿ, ಸಹಿ ಬಿತ್ತು.

೩. ಮಾವನ ಪತ್ರ

ಖುಷಿಗೆ ಊರಿಗೆ, ಮಾವಗ ಪತ್ರ ಬರದೆ: "ಇಲ್ಲಿ ನಾ ಭಾಳ ಚಲೋ ಒಗೀತೀನಿ. ಅದನ್ನ ನೋಡಿ ಮಾಲಕ ವೀಸಾ ಕೊಟ್ಟಾನ." 'ಚೆಂಡು' ಅಂತ ಬರಿಯೋದ ಮರ್ತಿದ್ದೆ. ನಮ್ಮ ಕಡೆ ಚೆಂಡೂ ಒಗೀತಾರ, ಅರಿವೀನೂ ಒಗೀತಾರ.

ಮಾವ ಉತ್ತರ ಬರದ್ರು: "ಅಳಿಯಂದ್ರ, ಅರಿವಿ ಒಗಿಯಾಕ ಕುವೈತಿಗೆ ಹೋಗ್ಬೇಕಿತ್ತೇನು? ನಮ್ಮೂರ ಹಳ್ಳ ಬತ್ತಿತ್ತೇನು? ಮಗಳನ್ನ ಕಳಸೂದಿಲ್ಲ."

ಓದಿದಾಂವನ ಫೋನ್ ಬೂತಿಗೆ ಓಡಿದೆ. ಮಾವನ ಬಾಜೂ ಮನಿಗೆ ಫೋನ್ ಹಚ್ಚಿ ಆಕೀನ್ನ ಕರಸಿದೆ. ನಾ ಬಾಯಿ ತೆಗಿಯೋದ್ರಾಗ ಆಕಿನ ಅಂದ್ಳು: "ನೀವು ಏನರ ಒಗೀರಿ, ನಾ ಬರಾಕಿನ!"

ಬೂತಿನಾಗ ನಿಂತು ಅತ್ತೆ, ಸುಳ್ಳ್ಯಾಕ ಹೇಳ್ಲಿ.

೪. ಆಕಿ ಬಂದ ಮ್ಯಾಲೆ

ಬಂದ ವಾರಾನ, ರಿಗ್ಗೈ ಅನ್ನೋ ಏರಿಯಾದಾಗಿನ ನಮ್ಮ ಹೊಸಾ ಮನಿಯಿಂದ ಬುತ್ತಿ ಕಟ್ಕೊಂಡು ಆಟ ನೋಡಾಕ ಬಂದ್ಳು. ಅಪ್ಪಗ ಖರೇ ಏನಂತ ಬರಿಯೋದಿತ್ತು ಆಕಿಗೆ. ಚಾಪಿ ಹಾಸಿ ಕುಂತ್ಳು. ನಾ ಮೀಸಿ ತಿರುವಿ ಚೆಂಡು ಹಿಡದೆ.

ಕಫೀಲ್ ಎರಡೂ ಕೈ ಎತ್ತಿ ಬಯಲೆಲ್ಲಾ ಕೇಳೂ ಹಂಗ ಕೂಗಿದ: "ಬಿಚ್! ಬಿಚ್!"

ಆಕಿ ಸೆರಗಿನಿಂದ ಮಾರಿ ಮುಚ್ಕೊಂಡ್ಳು. ನಾ ಚೆಂಡು ಒಗದೆ. ಮಂದಿ ಚಪ್ಪಾಳಿ ಹೊಡದ್ರು.

ಬುತ್ತಿ ಬಿಚ್ಚುವಾಗ, ಅವತ್ತು ಅಂಗಿ ಬಿಚ್ಚಿದ್ದೂ ಹಿಡದು ಎಲ್ಲಾ ತಿಳಿಸಿ ಹೇಳಿದೆ. ಪೂರಾ ಕೇಳಿ, ರೊಟ್ಟಿ ಮುರದು ನನ್ನ ಕೈಯಾಗ ಇಟ್ಟು ಅಂದ್ಳು: "ಅಪ್ಪ ಹೇಳಿದ್ದ ಖರೇ ಐತಲ್ರೀ. ಮೊದಲ ಬಿಚ್ಚೂದು, ಆಮ್ಯಾಲ ಒಗಿಯೂದು!"