ತೊಗರಿ ದಂಟಿಗೆ ಬಣ್ಣ

ನಿಲಂಗಾ ತಾಲೂಕಿನಲ್ಲಿ ತೊಗರಿ ದಂಟಿಗೆ ಬಣ್ಣ ಹಾಕುತ್ತಿದ್ದ ಗೃಹಸ್ಥ ನಮ್ಮ ಸೋದರಮಾವ ಒಬ್ಬನೇ. ಅಂಥವನು ಇನ್ನೊಬ್ಬ ಇರಲಿಲ್ಲವೆಂಬುದು ನಿಜಾಮರ ರಾಜ್ಯದ ಪುಣ್ಯ!

ಹೈದರಾಬಾದಿನಲ್ಲಿ ಓದನ್ನು ಅರ್ಧಕ್ಕೆ ಬಿಟ್ಟು, ಹಳೆಯದೊಂದು ಹಿತ್ತಾಳೆಯ ಸೂಕ್ಷ್ಮದರ್ಶಕ ಹೊತ್ತು ನೇರ ನಮ್ಮ ಮನೆಗೇ ಬಂದಿಳಿದಿದ್ದ. ಆ ವರ್ಷವೂ ನಮ್ಮ ಹೊಲದ ತೊಗರಿ, ಹೂ ಬಿಟ್ಟ ಹೊತ್ತಿಗೆ ನಿಂತಲ್ಲೇ ಬಾಡತೊಡಗಿತ್ತು. ನೆಲದಲ್ಲಿ ತೇವವಿತ್ತು, ಎಲೆಯಲ್ಲಿ ಹುಳುವಿರಲಿಲ್ಲ. ಆದರೂ ಬೆಳಗಾದರೆ ಇನ್ನೊಂದು ಸಾಲು ತಲೆ ಬಾಗಿಸಿರುತ್ತಿತ್ತು. ಅಪ್ಪ ಊಟ ಬಿಟ್ಟು ಕೂತಿದ್ದ.

"ದಾಜಿ, ದಂಟಿನೊಳಗ ನೋಡೂಣು" ಎಂದ ಮಾವ. ಅಕ್ಕನ ಗಂಡನನ್ನು ಹಾಗೆ ಕರೆಯುವುದು ನಮ್ಮ ಕಡೆಯ ರೂಢಿ.

ನೋಡುವುದೆಂದರೆ ಸುಮ್ಮನೆಯೆ? ಗಜ್ಜರಿ ಸೀಳಿ, ನಡುವೆ ದಂಟು ಸಿಕ್ಕಿಸಿ, ಕ್ಷೌರದ ಕತ್ತಿಯಿಂದ ಈರುಳ್ಳಿ ಸಿಪ್ಪೆಗಿಂತ ತೆಳ್ಳಗೆ ಕೊಯ್ಯಬೇಕು. ಕೆಂಪಿನಲ್ಲಿ ಅದ್ದಿ, ಸ್ಪಿರಿಟ್ಟಿನಲ್ಲಿ ತೊಳೆದು, ನೀಲಿಯಲ್ಲಿ ಅದ್ದಬೇಕು. ದಂಟಿನ ತುಂಬ ಕಣ್ಣಿಗೆ ಕಾಣದ ಕೋಣೆಗಳಂತೆ. ಕಟ್ಟಿಗೆಯಾದ ಗೋಡೆ ಕೆಂಪು ಹಿಡಿಯುತ್ತದೆ, ಮೆತ್ತನೆಯ ಗೋಡೆ ನೀಲಿ. ಮಾವನ ಧೋತರ ಎರಡನ್ನೂ ಹಿಡಿಯುತ್ತಿತ್ತು!

"ತಮ್ಮಾ, ಗಜ್ಜರಿ ಎಲ್ಲಾ ನೀನೇ ಕೊಯ್ದ್ರ ಪಲ್ಯಾಕ್ಕ ಏನ್ ಹಾಕ್ಲಿ?" ಎಂದಳು ಅವ್ವ.

"ಪಲ್ಯಾ ನಾಳಿ ಮಾಡ್ಲಾಕ ಬರ್ತದ ಅಕ್ಕಾ. ತೊಗರಿ ನಾಳಿತನಾ ಇರ್ತದೇನು?"

ಪೂಜೆ ಮುಗಿಸಿ ಎದ್ದ ಅಪ್ಪನನ್ನು ಮಾವ ಒಮ್ಮೆ ಎಳೆತಂದ. ತುಂಡಿನ ಮೇಲೆ ಮುಚ್ಚಬೇಕಾದ ತೆಳು ಗಾಜು ಎಂದೋ ಒಡೆದಿತ್ತು. ಅಪ್ಪ ಬಗ್ಗಿ ನೋಡಿ, "ಕರೀ ಹುಲ್ಲು ಕಾಣಸ್ತದ" ಎಂದ. ಅದು ಅವನದೇ ರೆಪ್ಪೆಯ ಕೂದಲು! ಬಳಿಕ ಮಾವ ನೋಡಿದರೆ, ಕೆಂಪೂ ಹಿಡಿಯದ, ನೀಲಿಯೂ ಹಿಡಿಯದ ಹೊಸ ಹರಳುಗಳು.

"ರೋಗದ ಬೀಜ ಸಿಕ್ತು ದಾಜಿ!"

ಔರಾದ ಶಹಾಜನಿಯ ಸಂತೆಯಲ್ಲಿ ಇದನ್ನು ಸಾರಿಯೂ ಬಂದ. ಮರುದಿನ ಸುತ್ತಲಿನ ರೈತರು ಹಣೆ ತುಂಬ ವಿಭೂತಿ ಧರಿಸಿ ಬಂದು, ಒಬ್ಬೊಬ್ಬರಾಗಿ ಬಗ್ಗಿ ನೋಡಿದರು. ನೋಡಿದವರು ಹೆಚ್ಚಿದಷ್ಟೂ ಹರಳು ಹೆಚ್ಚಿದವು.

"ಅಕ್ಕಾ, ಕಣ್ಣ ಮುಂದೇ ಬೆಳೀಲತ್ತದ!"

ಅವ್ವ ಗಾಜಿನ ಮೇಲೆ ಬೆರಳಾಡಿಸಿ ನೋಡಿದಳು. "ಇಭೂತಿ ಅದ ತಮ್ಮಾ. ಬಗ್ಗಿದವರ ಹಣಿಮ್ಯಾಲಿಂದ ಉದರ್ಯಾದ. ಸಾಕ್ಷಾತ್ ಶಿವನ ಪ್ರಸಾದಕ್ಕ ರೋಗ ಅಂದೆಲ್ಲೋ!"

ನಗು ಊರ ಅಗಸಿ ದಾಟಿ ಹೋಯಿತು. ಮಾವ ಗಾಜು ತೊಳೆದು ಮತ್ತೆ ಕೊಯ್ದ. ಈ ಸಲ ಕಂಡದ್ದು ನಿಜ: ನೀರು ಏರುವ ಕೆಂಪು ಕೊಳವೆಗಳ ತುಂಬ ಬೂಷ್ಟಿನ ನೀಲಿ ಎಳೆಗಳು ಹೆಣೆದುಕೊಂಡು ನೀರಿನ ದಾರಿ ಕಟ್ಟಿದ್ದವು. ನೋಡಲು ಯಾರೂ ಬರಲಿಲ್ಲ.

ಅಪ್ಪ ಒಂದೇ ಮಾತು ಕೇಳಿದ: "ಔಷಧ?"

"ಇಲ್ಲ ದಾಜಿ."

ಹೊಲ ಪೂರ್ತಿ ಒಣಗಿತು. ಮಾವ ಸೂಕ್ಷ್ಮದರ್ಶಕ ಕಟ್ಟಿಟ್ಟ.

ಮುಂಗಾರಿನ ಮಿರಗದ ಮಳೆ ಬಿದ್ದಾಗ ಅಪ್ಪ ಅವನನ್ನು ಹೊಲಕ್ಕೆ ಕರೆದೊಯ್ದ. "ಹೇಳು, ಇಲ್ಲಿ ಏನ್ ಬಿತ್ಲಿ?"

ಯಾರಾದರೂ ಅವನ ಸಲಹೆ ಕೇಳಿದ್ದು ಅದೇ ಮೊದಲು. ಮಾವ ಒಂದು ಹಿಡಿ ಮಣ್ಣೆತ್ತಿ ನೋಡಿದ. "ತೊಗರಿ ಬ್ಯಾಡ, ರೋಗ ಮಣ್ಣಾಗ ಉಳಿದಿರ್ತದ. ಜ್ವಾಳಾ... ಆದ್ರ ನಂಗೂ ಖಾತ್ರಿ ಇಲ್ಲ ದಾಜಿ."

"ನಂಗೆಲ್ಲಿ ಅದ? ಬಾ, ಕೂರಿಗಿ ಹಿಡಿ."

ಮಾವ ಹಿಡಿದ ಕೂರಿಗೆಯ ಸಾಲು ಹಾವಿನಂತೆ ಸೊಟ್ಟ ಹೋಯಿತು. ಅಪ್ಪ ತಿದ್ದಲಿಲ್ಲ. ಅವನ ಪಕ್ಕದಲ್ಲೇ ನಡೆಯುತ್ತ, ಆ ಸೊಟ್ಟ ಸಾಲಿಗೇ ಬೀಜ ಬಿಡುತ್ತ ಹೋದ.