ಎರಡಿಂಚು ಏರಿದ ಜೀಪು

ಬಂಡಿ ದಾರಿಯ ನಡುವಿನ ದಿಬ್ಬದಿಂದಲೇ ಎಲ್ಲ ಶುರುವಾಯಿತು.

ಇಂಗಳೇಶ್ವರದ ಆಚೆಗಿನ ಆ ಹಳ್ಳಿಗೆ ಬಸ್ಸೇನೋ ಬರುತ್ತಿತ್ತು, ಆದರೆ ಊರೂರು ಸುತ್ತಿ, ತನಗೆ ಮನಸ್ಸಾದಾಗ. ಹಳ್ಳ ದಾಟಿ ನೆಟ್ಟಗೆ ಡಾಂಬರು ರಸ್ತೆ ಸೇರಬೇಕೆಂದರೆ ಇದ್ದದ್ದು ಒಂದೇ ಬಂಡಿ ದಾರಿ. ಅಜ್ಜ ಮುತ್ತಜ್ಜರ ಕಾಲದಿಂದ ಬಂಡಿಗಳು ಓಡಾಡಿ ಎರಡು ಕಡೆ ಆಳವಾದ ಗಾಲಿಯ ತಗ್ಗು, ನಡುವೆ ಎಮ್ಮೆಯ ಬೆನ್ನಿನಂಥ ದಿಬ್ಬ. ಹೋದ ಮಳೆಗಾಲದಲ್ಲಿ ದವಾಖಾನೆಗೆ ಹೊರಟ ಹೊನ್ನವ್ವನ ಸೊಸೆ ಹಳ್ಳದ ದಂಡೆಯಲ್ಲೇ ಹೆತ್ತಿದ್ದಳು. ಕೂಸಿಗೆ ಸ್ವಾಮಿಗಳು ಇಟ್ಟ ಹೆಸರು ಯಾರಿಗೂ ನೆನಪಿಲ್ಲ, ಊರೆಲ್ಲ ಹಳ್ಳೆಪ್ಪ ಎಂದೇ ಕರೆಯುತ್ತಿತ್ತು.

ರಸ್ತೆ ಬೇಕೆಂದು ಊರವರು ಕೊಟ್ಟ ಅರ್ಜಿಗಳಿಗೆ ಲೆಕ್ಕವಿಲ್ಲ. ಎಲ್ಲದಕ್ಕೂ ಬಂದ ಉತ್ತರ ಒಂದೇ: ಎರೆ ಭೂಮಿ, ತಳ ಗಟ್ಟಿಯಿಲ್ಲ, ರಸ್ತೆ ನಿಲ್ಲುವುದಿಲ್ಲ.

ಆ ವರ್ಷ ಪಂಚಾಯ್ತಿ ಮೆಂಬರ್ ಸಂಜೀವಕುಮಾರ ಒಂದು ಯುಕ್ತಿ ಹೂಡಿದ. ಎಳ್ಳಮವಾಸ್ಯೆಗೆ ಊರಿಗೆ ಊರೇ ಹೊಲದಲ್ಲಿ ಭೂಮಿತಾಯಿಗೆ ಚರಗದ ಎಡೆ ಚೆಲ್ಲಿ ಉಣ್ಣುವ ದಿನ, ರಸ್ತೆ ಇಲಾಖೆಯ ಜಯತೀರ್ಥ ಸಾಹೇಬರನ್ನು ಊಟಕ್ಕೆ ಕರೆದ. ಕರೆದು ಬಂದವನೇ ಶಂಕರೆಪ್ಪನ ಮನೆಗೆ ಹೋದ.

"ಕಾಕಾ, ಸಾಹೇಬ್ರನ್ನ ನಿಮ್ಮ ಜೀಪಿನಾಗ ಹೊಲಕ್ಕ ಕರಕೊಂಡ ಬರ್ರಿ. ಬ್ಯಾರೆ ಯಾರ ಗಾಡೀನೂ ನನ್ನ ಕಣ್ಣಿಗೆ ಬೀಳಲಿಲ್ಲ."

ಶಂಕರೆಪ್ಪನ ಎದೆ ಹೋಳಿಗೆಯಂತೆ ಉಬ್ಬಿತು. ಆಲಮಟ್ಟಿಯ ಹರಾಜಿನಲ್ಲಿ ಹಿಡಿದ ಆ ಹಳೇ ಜೀಪನ್ನು ಈವರೆಗೆ ಯಾರೂ ಹಾಗೆ ಮರ್ಯಾದೆಯಿಂದ ಕೇಳಿದ್ದಿಲ್ಲ. ಕೇಳುವ ಹಾಗೆ ಅದು ನಡೆದದ್ದೂ ಇಲ್ಲ. ಹಿಂದಿನ ಗಾಲಿಗಳ ನಡುವೆ ಜೋತು ಬಿದ್ದ ಕಬ್ಬಿಣದ ಗುಂಡು ದಿಬ್ಬಕ್ಕೆ ತಾಗಿತೆಂದರೆ ಮುಗಿಯಿತು, ಜೀಪು ಕಲ್ಲಿನ ಮೇಲೆ ಕೂತ ಆಮೆಯಂತೆ ಅಲ್ಲೇ ಉಳಿಯುತ್ತಿತ್ತು. ಆಮೇಲೆ ಹೊನ್ನವ್ವ ತನ್ನ ಎತ್ತು ತಂದು ಎಳೆಯಬೇಕು, ಎಳೆದ ಮೇಲೆ ವಾರವಿಡೀ ಅದನ್ನು ಊರಿಗೆಲ್ಲ ಹೇಳಬೇಕು. ಸಾಹೇಬರು ಒಳಗಿದ್ದಾಗ ಹಾಗಾದರೆ? ಅತಿಥಿಯನ್ನು ಎತ್ತಿನಿಂದ ಎಳೆಸಿದ ಊರು ಎಂದು ಸಿಂದಗಿತನಕ ಹೆಸರಾಗುವುದಿಲ್ಲವೆ?

ಮರುದಿನವೇ ಹೆಂಡತಿ ಸುನಂದಾಳನ್ನು ಸಂತೆಯ ನೆವದಲ್ಲಿ ಕೂಡಿಸಿಕೊಂಡು ಬಾಗೇವಾಡಿಯ ಗೈಬುಸಾಬನ ಗ್ಯಾರೇಜಿಗೆ ಹೋದ.

ಗೈಬುಸಾಬ ಜೀಪಿನ ಕೆಳಗೆ ತೂರಿ ಹೊರಗೆ ಬಂದು ಕೈ ಒರೆಸಿಕೊಂಡ. "ಸಾವ್ಕಾರ್ರ, ಬರೇ ಕಮಾನಿನ ಪಟ್ಟಿ ಹೆಚ್ಚು ಹಾಕಿದ್ರ ಮೈ ಏರ್ತೈತಿ, ಗುಂಡು ಏರಂಗಿಲ್ಲ. ಗುಂಡು ಏರಬೇಕಂದ್ರ ಟಾಯರ ದೊಡ್ಡದಾಗಬೇಕು. ಟಾಯರ ದೊಡ್ಡದಾದ್ರ ಮಡಗಾರ್ಡಿಗೆ ತಿಕ್ಕತೈತಿ, ಅದಕ್ಕ ಮೈ ಏರಸಬೇಕು. ಎರಡೂ ಗಂಡಾ ಹೆಂಡ್ತಿ ಇದ್ದಂಗ, ಒಂದನ್ನ ಬಿಟ್ಟು ಒಂದು ನಡಿಯಂಗಿಲ್ಲ."

"ಹಂಗಾರ ಎಷ್ಟು ಏರಸೂಣು?"

"ಏರಸೂದಾದ್ರ ಗಂಡಸಿನಂಗ ಏರಸೂಣು. ನಾಕ ಇಂಚ! ದೂರಿಂದ ನೋಡಿದವ್ರು ಆನಿ ಬಂತು ಅನಬೇಕು. ಟಾಯರ ಏಳೂವರಿ-ಹದಿನಾರು."

ಅಷ್ಟರಲ್ಲಿ ಪಕ್ಕದ ಚಹಾದಂಗಡಿಯ ಬೆಂಚು ಖಾಲಿಯಾಗಿ ಜೀಪಿನ ಸುತ್ತ ಸಂತೆ ನೆರೆಯಿತು.

"ಏಳೂವರಿ ಏನ್ ಹಚ್ಚೀರಿ? ಟ್ರ್ಯಾಕ್ಟರಿನ ಟಾಯರ ಹಾಕಸ್ರಿ!" ಎಂದನೊಬ್ಬ.

"ಟ್ರ್ಯಾಕ್ಟರಿನ ಟಾಯರ ಹಾಕಸೂದಾದ್ರ ಮ್ಯಾಲ ಒಂದ ಟ್ರ್ಯಾಕ್ಟರ ಇಟ್ಟಬಿಡ್ರಿ, ಛಲೋ ಕಾಣತೈತಿ," ಎಂದ ಇನ್ನೊಬ್ಬ.

ಸುನಂದಾ ಯಾರ ಮಾತಿಗೂ ಕಿವಿಗೊಡದೆ ಸೀರೆಯ ನಿರಿಗೆ ಹಿಡಿದು ಜೀಪು ಏರಿದಳು, ಇಳಿದಳು, ಮತ್ತೆ ಏರಿದಳು.

"ಮಾಮಾ, ಈಗನ ನಾ ಕುದರಿ ಏರಿದಂಗ ಏರಬೇಕು. ನಾಕ ಇಂಚ ಎತ್ತಿದ್ರ ಚರಗದ ಬುಟ್ಟಿ ಹೊತಗೊಂಡು ಹ್ಯಾಂಗ ಹತ್ತಲಿ? ಬುಟ್ಟಿ ಹಿಡ್ಯಾಕ ನೀವು ಬರ್ತೀರೇನು?"

"ಹಂಗಾರ ಮೂರ ಮಾಡೂಣೇನವ್ವಾ?"

"ಎರಡ."

"ಎರಡೂವರಿ?"

"ಮಾಮಾ, ಇದು ಬದನೀಕಾಯಿ ಅಲ್ಲ."

ಶಂಕರೆಪ್ಪನಿಗೂ ಅದೇ ಸರಿಯೆನಿಸಿತು. ದಿಬ್ಬಕ್ಕೂ ಗುಂಡಿಗೂ ಇದ್ದ ಜಗಳ ಬೆರಳಗಲದ್ದು. ಅದಕ್ಕಾಗಿ ಜೀಪನ್ನು ಅಟ್ಟ ಹತ್ತಿಸಿದರೆ ಹಳ್ಳದ ಏರಿನಲ್ಲಿ ಮಗುಚಿ ಬಿದ್ದೀತು. ಏಳೂವರೆ ಟಾಯರು ಹಚ್ಚಿ ನೋಡಿದರು, ಚಕ್ರ ಪೂರ್ತಿ ಹೊರಳಿಸಿದರೆ ಕಮಾನಿಗೆ ತಿಕ್ಕುತ್ತಿತ್ತು. ಕಡೆಗೆ ಮೊದಲಿದ್ದ ಆರು-ಹದಿನಾರು ಬಿಚ್ಚಿ ಏಳು-ಹದಿನಾರು ಹಾಕಿದರು, ಟಾಯರಿನ ಹಲ್ಲು ಗಟ್ಟಿಯಿದ್ದವು. ಮೈ ಎರಡಿಂಚು ಏರಿತು. ಬೆಂಚಿನವರು ಬೇಜಾರಾಗಿ ಚಹಾಕ್ಕೆ ಮರಳಿದರು.

ಊರಿಗೆ ವಾಪಸು ಬರುವಾಗ ಶಂಕರೆಪ್ಪನಿಗೆ ಇಡೀ ಸೀಮೆಯೇ ಎರಡಿಂಚು ಕೆಳಗಿಳಿದ ಹಾಗೆ ಕಂಡಿತು.

ಅಮವಾಸ್ಯೆಯ ದಿನ ಮುಂಜಾನೆ ಜೀಪನ್ನು ತೊಳೆದು, ವಿಭೂತಿ ಹಚ್ಚಿ, ಊರಬಾಗಿಲು ಅಗಸಿಯ ಮುಂದೆ ತಂದು ನಿಲ್ಲಿಸಿದ. ಬುಟ್ಟಿಯೊಂದಿಗೆ ಸುನಂದಾ ಹಿಂದೆ ಕೂತಿದ್ದಳು. ಸಂಜೀವಕುಮಾರ ಇಸ್ತ್ರಿ ಅಂಗಿ ತೊಟ್ಟು ಬಂದವನು ಜೀಪನ್ನು ನೋಡಿ ಅಲ್ಲೇ ನಿಂತ.

"ಕಾಕಾ, ಇದೇನಿದು? ಜೀಪ ಯಾಕ ತುದಿಗಾಲ ಮ್ಯಾಲ ನಿಂತೈತಿ?"

"ಎರಡ ಇಂಚ ಏರಿಸೇನೋ ತಮ್ಮಾ! ಟಾಯರ ಏಳು-ಹದಿನಾರು. ಇನ್ನ ದಿಬ್ಬ ಅಲ್ಲ, ದಿಬ್ಬದ ಮುತ್ತ್ಯಾ ಬಂದ್ರೂ ಸಿಕ್ಕೊಳ್ಳಂಗಿಲ್ಲ."

ಸಂಜೀವಕುಮಾರ ಇಸ್ತ್ರಿ ಮರೆತು ಕಟ್ಟೆಯ ಮಣ್ಣಿನಲ್ಲೇ ಕುಳಿತುಬಿಟ್ಟ.

"ಮನಿ ಹಾಳ ಮಾಡಿದ್ರೆಲ್ಲ ಕಾಕಾ! ಸಿಕ್ಕೊಳ್ಳಲಿ ಅಂತನ ನಿಮ್ಮ ಜೀಪ ಹೇಳಿದ್ದು! ದಿಬ್ಬದ ಮ್ಯಾಲ ಸಾಹೇಬ್ರು ಅಲ್ಲಾಡಬೇಕು, ಸೊಂಟ ಹಿಡಕೋಬೇಕು, ಇಳದು ನಡೀಬೇಕು, ಆವಾಗ ರಸ್ತಾ ಆಗತೈತಿ ಅಂತ ಇಡೀ ಊರು ಕಾಯಾಕತ್ತೈತಿ. ಹೊನ್ನವ್ವಾಯಿ ಎತ್ತು ಹೂಡಿ, ಹಗ್ಗಾ ಹಿಡಕೊಂಡು ಆಗಳೇ ಹೋಗ್ಯಾಳ."

"ಅಯ್ಯ, ಮೊದಲ ಹೇಳಬಾರದೇನೋ?"

"ಹೇಳೂದೇನೈತ್ರಿ? ದಿನಾ ತಾನ ಸಿಕ್ಕೊಳ್ಳೂ ಜೀಪಿಗೆ ಯಾರರ ಸಿಕ್ಕೋ ಅಂತ ಹೇಳ್ತಾರೇನು?"

ಅಷ್ಟರಲ್ಲಿ ಎಂದೂ ಹೊತ್ತಿಗೆ ಬಾರದ ಬಸ್ಸು ಅಂದೇ ಹೊತ್ತಿಗೆ ಸರಿಯಾಗಿ ಬಂತು. ತಲೆಗೆ ಬಿಳಿ ವಸ್ತ್ರ ಸುತ್ತಿ, ಕೈಯಲ್ಲಿ ಕೋಲು ಹಿಡಿದ ಸಣ್ಣ ದೇಹದ ಜಯತೀರ್ಥ ಸಾಹೇಬರು ಇಳಿದರು.

"ನಮಸ್ಕಾರ್ರಿ ಶಂಕರೆಪ್ಪನವರ. ದಾರಿ ಭಾಳ ಕೆಟ್ಟದ, ಮನುಷ್ಯಾರು ಹೋಗೂ ಹಂಗಿಲ್ಲ ಅಂತ ಬರೀಲಿಕತ್ತೀರಲ್ಲ? ನಡೀರಿ, ಇವತ್ತ ಕಣ್ಣಿಲೇ ನೋಡಿಬಿಡೂಣು."

ಸಂಜೀವಕುಮಾರ ಹಿಂದೆ ಏರುತ್ತ ಶಂಕರೆಪ್ಪನ ಕಿವಿಯಲ್ಲಿ ಉಸಿರಿದ: "ಹ್ಯಾಂಗರ ಮಾಡಿ ಹುಗಸ್ರಿ. ಊರಿನ ರಸ್ತಾ ನಿಮ್ಮ ಕೈಯಾಗೈತಿ."

ದಿಬ್ಬದ ಹತ್ತಿರ ಅರ್ಧ ಊರು ಮದುವೆಯ ಬೀಗರಂತೆ ಸಾಲಾಗಿ ನಿಂತಿತ್ತು. ಮುಂದೆ ಎತ್ತುಗಳೊಂದಿಗೆ ಹೊನ್ನವ್ವ. ಶಂಕರೆಪ್ಪ ಬೇಕಂತಲೇ ದಿಬ್ಬ ಎಲ್ಲಕ್ಕಿಂತ ಎತ್ತರವಿದ್ದ ಕಡೆ ಜೀಪು ಬಿಟ್ಟು, ಗುಂಡು ತಾಗುವ ಸದ್ದಿಗಾಗಿ ಹಲ್ಲು ಕಚ್ಚಿ ಕಾದ. ಸದ್ದಿಲ್ಲ. ಮಂಚದ ಕೆಳಗೆ ಬೆಕ್ಕು ನುಸುಳಿದ ಹಾಗೆ ದಿಬ್ಬ ಜೀಪಿನ ಹೊಟ್ಟೆಯ ಕೆಳಗೆ ನುಸುಳಿ ಹಿಂದೆ ಹೋಯಿತು.

"ಲೇ ಶಂಕ್ರ್ಯಾ! ನಿಲ್ಲಸೋ! ಸಿಕ್ಕೊಳ್ಳೂ ಜಾಗಾ ಹಿಂದ ಉಳೀತಲ್ಲೋ!" ಹೊನ್ನವ್ವ ಹಗ್ಗ ಬೀಸುತ್ತ ಕೂಗಿದಳು.

"ಆ ಅಜ್ಜಿ ಏನಂತಾಳ?" ಸಾಹೇಬರು ಕೇಳಿದರು.

"ಸ್ವಾಗತಾ ಮಾಡಾಕತ್ತಾಳ್ರಿ," ಎಂದ ಸಂಜೀವಕುಮಾರ, ಬೆವರೊರೆಸಿಕೊಳ್ಳುತ್ತ.

ಮುಂದೆ ಹಳ್ಳ. ಶಂಕರೆಪ್ಪ ನಟ್ಟನಡುವೆ, ಉಸುಕು ಮೆತ್ತಗಿದ್ದಲ್ಲಿ ಜೀಪು ನಿಲ್ಲಿಸಿ ಎಂಜಿನ್ ಬಂದ್ ಮಾಡಿದ.

"ಯಾಕ್ರಿ?"

"ಬಿಸಿ ಆಗೇತ್ರಿ, ಸ್ವಲ್ಪ ಆರಲಿ." ಆರಲಿ ಎಂದದ್ದು ಬಾಯಿ, ಇಳಿಯಲಿ ಎಂದದ್ದು ಮನಸ್ಸು. ಗಾಲಿಗಳು ಉಸುಕಿನಲ್ಲಿ ಚೆನ್ನಾಗಿ ಕೂತಿವೆ ಎನ್ನಿಸಿದ ಮೇಲೆ ಚಾಲೂ ಮಾಡಿ ಬಲವಾಗಿ ಒತ್ತಿದ. ಹಿಂದೆ ಹೀಗೆ ಒತ್ತಿದರೆ ಗಾಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತಿತ್ತು. ಏಳು-ಹದಿನಾರು ಹಾಗೆ ಮಾಡಲಿಲ್ಲ. ಹಗ್ಗ ಬಿಚ್ಚಿದ ಹೋರಿಗರುವಿನಂತೆ ಜೀಪು ಎರಡು ಜಿಗಿತ ಜಿಗಿದು ಆಚೆ ದಂಡೆ ಏರಿ ನಿಂತಿತು. ಸಾಹೇಬರ ತಲೆಯ ವಸ್ತ್ರ ಹಾರಿ ಜಾಲಿಗಿಡಕ್ಕೆ ಸಿಕ್ಕಿತು. ಅವರು ಅದರ ಕಡೆ ನೋಡಲೂ ಇಲ್ಲ.

"ಅಬಾಬಾಬಾ! ಶಂಕರೆಪ್ಪನವರ, ಇನ್ನೊಮ್ಮೆ ಇಳಿದು ಏರೂಣೇನ್ರಿ?"

"ಬ್ಯಾಡ್ರೀ ಯಪ್ಪಾ!" ಹಿಂದಿನಿಂದ ಸುನಂದಾ ಚೀರಿದಳು. "ಕಡಬು ಒಡದು ಹೂರಣಾ ಸೀರಿಗೆ ಬಂತು!"

ಹಳ್ಳ ದಾಟಿದ ಮೇಲೆ ಬಂಡಿ ದಾರಿ ಹೊಲಗಳ ಅಂಚು ಹಿಡಿದು ಮೂರು ಕಡೆ ತಿರುಗುತ್ತ, ಡಾಂಬರು ರಸ್ತೆಗೆ ಮೊದಲು ಸಿಗುವ ಬನ್ನಿಗಿಡದತ್ತ ಹೋಗುತ್ತದೆ. ಅಲ್ಲಿ ಚರಗದ ಪೂಜೆ. ಅಲ್ಲಿಗೆ ಮುಟ್ಟಿದರೆ ಕತೆ ಮುಗಿದಂತೆ. ಶಂಕರೆಪ್ಪ ಎಡಬಲ ನೋಡಿದ. ಎರಡೂ ಕಡೆ ತೆನೆ ಹಾಲುಗಟ್ಟಿದ ಬಿಳಿಜೋಳ. ಭೂಮಿತಾಯಿಗೆ ಸೀಮಂತ ಮಾಡುವ ದಿನ ಮಂದಿಯ ಬೆಳೆ ತುಳಿದರೆ ಯಾವ ನರಕವೂ ಸಾಲದು. ಆದರೆ ಮುಂದಿನದು ತನ್ನದೇ ಹೊಲ, ತನ್ನದೇ ಕಡಲೆ. ಮೊನ್ನೆಯಷ್ಟೇ ನೀರು ಹಾಯಿಸಿದ್ದು. ನಡುವಿನಲ್ಲಿ ಸದಾ ಹಸಿ ಇರುವ ಒಂದು ತಾವಿದೆ, ಹೋದ ತಿಂಗಳು ಹೊನ್ನವ್ವನ ಎಮ್ಮೆಯೇ ಅಲ್ಲಿ ಹೊಟ್ಟೆಮಟ ಇಳಿದಿತ್ತು.

ಊರಿಗಾಗಿ ಒಂದಿಷ್ಟು ಕಡಲೆ ಹೋಗಲಿ ಎಂದುಕೊಂಡು, ಕಣ್ಣು ಮುಚ್ಚಿ, ಬದುವು ಹತ್ತಿಸಿ ಜೀಪನ್ನು ಹೊಲದೊಳಕ್ಕೆ ನೆಟ್ಟಗೆ ಬಿಟ್ಟ.

"ದಾರಿ ಆ ಕಡೆ ಅದಲ್ರಿ?" ಎಂದರು ಸಾಹೇಬರು.

"ಇದು ಸನೇದ್ದು ರೀ!"

ಹಸಿ ತಾವು ಬಂತು. ಮುಂದಿನ ಗಾಲಿ ಇಳಿಯಿತು. ಕೆಸರು ನಾಲ್ಕು ದಿಕ್ಕಿಗೆ ಸಿಡಿಯಿತು. ಹಿಂದೆ ಸಂಜೀವಕುಮಾರ ಬಸವಣ್ಣನನ್ನು ನೆನೆದ. ಜೀಪು ಒಂದು ಕ್ಷಣ ತಡೆಯಿತು, ಶಂಕರೆಪ್ಪನ ಎದೆ ಹಿಗ್ಗಿತು. ಆಮೇಲೆ ಅದು ತಳದಲ್ಲಿ ಏನನ್ನೋ ಕಚ್ಚಿ ಹಿಡಿದು, ಗುರುಗುಟ್ಟಿ, ಮೈ ಕೊಡವಿ ಹೊರಬಿದ್ದು, ಊರಿನ ಎಲ್ಲ ಬಂಡಿಗಳಿಗಿಂತ ಮೊದಲೇ ಬನ್ನಿಗಿಡದ ಕೆಳಗೆ ಬಂದು ನಿಂತುಬಿಟ್ಟಿತು.

ಪೂಜೆಯಾಯಿತು, ಚರಗ ಚೆಲ್ಲಿದರು. ಎಲೆಯ ಮುಂದೆ ಊರವರ ಮುಖಗಳು ಮಾತ್ರ ತಿಥಿಯೂಟಕ್ಕೆ ಕೂತವರಂತಿದ್ದವು. ಹೊನ್ನವ್ವ ಶಂಕರೆಪ್ಪನ ಎಲೆಗೆ ಬಡಿಸದೆ ದಾಟಿ ಹೋದಳು.

"ಯವ್ವಾ, ನನಗ ಸಜ್ಜಿ ರೊಟ್ಟಿ?"

"ನಿನ್ನ ಟಾಯರಿಗೆ ಹಾಕೇನಿ, ಅದ ದುಡದೈತಿ."

ಸಾಹೇಬರೊಬ್ಬರೇ ಹಬ್ಬ ಮಾಡುತ್ತಿದ್ದರು. ಭಜ್ಜಿ ಪಲ್ಯ ಬಡಿಸಿಕೊಂಡು, ಹಸಿ ಉಳ್ಳಾಗಡ್ಡಿಗೂ ಕೈ ಚಾಚಿ, "ಇವತ್ತ ಅಮಾಸಿ, ನಮ್ಮ ಮನ್ಯಾಗ ಯಾರೂ ಹೇಳಬ್ಯಾಡ್ರಿ ಮತ್ತ," ಎಂದು ಕಣ್ಣು ಮಿಟುಕಿಸಿದರು. ಶೇಂಗಾ ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಎದ್ದು, ಜೀಪು ಬಂದ ಗೆರೆ ಹಿಡಿದು ಕಡಲೆಯೊಳಗೆ ನಡೆದರು. ಹಸಿ ತಾವಿನಲ್ಲಿ ಬಗ್ಗಿ ಗಾಲಿಯ ಗುರುತಿಗೆ ಕೋಲು ಚುಚ್ಚಿದರು, ಇನ್ನೊಂದು ಕಡೆ ಚುಚ್ಚಿದರು. ಓಡುನಡಿಗೆಯಲ್ಲಿ ವಾಪಸು ಬಂದರು.

"ಸಂಜೀವಕುಮಾರ, ನಾ ಇಷ್ಟ ವರ್ಷ ತಪ್ಪು ತಿಳಕೊಂಡಿದ್ದೆ. ಇಲ್ಲಿ ಎರಿ ಮ್ಯಾಲಷ್ಟ ಅದ, ಮೊಳದ ಕೆಳಗ ಖಡಕ್ ಗರಸು ಅದ! ಇಲ್ಲಾಂದ್ರ ಇಂಥಾ ಹಸ್ಯಾಗ ಜೀಪು ಮುಣಗಿ ಹೋಗ್ತಿತ್ತು. ನಿಮ್ಮ ರಸ್ತಾ ಆಗ್ತದ. ನಾಳೆನ ಬರದು ಕಳಸ್ತೀನಿ!"

ಊರಿಗೆ ಊರೇ ಕೂಗಿತು. ಟೋಪಿಗಳು ಹಾರಿದವು. ಹೊನ್ನವ್ವ ಶಂಕರೆಪ್ಪನ ಎಲೆಗೆ ಒಂದಲ್ಲ, ಐದು ರೊಟ್ಟಿ ಬಡಿಸಿ, ಅವನ ಕೆನ್ನೆಗೆ ಕೈ ಹಚ್ಚಿ ಲಟಿಗೆ ಮುರಿದಳು. ಸಂಜೀವಕುಮಾರ ಜೀಪಿನ ಮೂತಿಗೇ ಮುತ್ತು ಕೊಟ್ಟ.

"ಆದ್ರ ಒಂದು ಮಾತು," ಸಾಹೇಬರು ಕೈಯೆತ್ತಿದರು. "ರಸ್ತಾ ನೆಟ್ಟಗ ಹೋಗಬೇಕು. ಜಾಗಾ ಬಿಡಂಗಿಲ್ಲ ಅಂತ ಯಾರೂ ತಕರಾರು ತಗೀಬಾರದು."

ಸಂತೋಷದಲ್ಲಿ ಶಂಕರೆಪ್ಪನಿಗೆ ನೆಲವೇ ಕಾಣುತ್ತಿರಲಿಲ್ಲ. ಎಂಜಲು ಕೈಯನ್ನೇ ಮೇಲೆತ್ತಿ ಗುಡುಗಿದ: "ಯಾಂವ ತಗೀತಾನ್ರಿ ತಕರಾರು? ಊರಿನ ಕೆಲಸಕ್ಕ ಜಾಗಾ ಬಿಡದಾಂವ ಮನುಷ್ಯಾನ ಅಲ್ಲ! ಅಂಥಾಂವ ಇದ್ರ ನಾ ನೋಡಕೋತೇನಿ. ಬನ್ನಿಗಿಡದ ಕೆಳಗ ನಿಂತು ಹೇಳೇನಿ!"

"ಶಾಬಾಸ್!" ಎಂದ ಸಾಹೇಬರು ಅರ್ಧ ತಿಂದ ಹೋಳಿಗೆಯಿಂದಲೇ ಗೆರೆ ಎಳೆದು ತೋರಿಸಿದರು. "ಬಂಡಿ ದಾರಿ ಮೂರು ಸುತ್ತು ಸುತ್ತಿ ಬರ್ತದ, ಅದು ಬ್ಯಾಡ. ಹಳ್ಳದಿಂದ ಹಿಡದು ಈ ಕಡಲಿ ಹೊಲದ ನಟ್ಟನಡುವ, ಜೀಪು ಬಂತಲ್ಲ, ಅದ ಲೈನ್. ಹೊಲಾ ಯಾರದು?"

ಊರಿನ ಕಣ್ಣುಗಳೆಲ್ಲ ಒಂದೇ ಕಡೆ ತಿರುಗಿದವು. ಶಂಕರೆಪ್ಪನ ಕೈ ಇನ್ನೂ ಮೇಲೆಯೇ ಇತ್ತು.

"ಕೈ ಎತ್ಯಾನಲ್ರಿ, ಅಂವಂದ!" ಎಂದಳು ಹೊನ್ನವ್ವ.

ಸುನಂದಾ ಹಣೆಗೆ ಕೈ ಹಚ್ಚಿಕೊಂಡಳು. ಅಷ್ಟರಲ್ಲಿ ಯಾರೋ ಬನ್ನಿಗಿಡಕ್ಕೆ ಹಾಕಿದ್ದ ಚೆಂಡುಹೂವಿನ ಹಾರ ತೆಗೆದು ಶಂಕರೆಪ್ಪನ ಕೊರಳಿಗೆ ಹಾಕಿದರು. ಆಡಿದ ಮಾತನ್ನು ನುಂಗುವಂತಿಲ್ಲ, ಬಾಯಲ್ಲಿದ್ದ ರೊಟ್ಟಿಯನ್ನೂ ನುಂಗುವಂತಿಲ್ಲ.

ಹೊತ್ತು ಇಳಿಯುವಾಗ ಊರವರು ಬಂಡಿ ಹೂಡಿದರು. ಶಂಕರೆಪ್ಪ ಕೊರಳಲ್ಲಿ ಹಾರ ಹಾಕಿಕೊಂಡೇ, ಬನ್ನಿಗಿಡದಿಂದ ತಂದು ಕಡಲೆಯ ನಡುವೆ ನಿಲ್ಲಿಸಿದ ಜೀಪಿಗೆ ಒರಗಿ, ಉಳಿದ ಗಿಡಗಳನ್ನು ಒಂದು ಸಲ ಕಣ್ತುಂಬ ನೋಡುತ್ತಿದ್ದ. ಹಿಂದಿನಿಂದ ಗೆಜ್ಜೆಸದ್ದು ಕೇಳಿಸಿತು. ತಿರುಗಿ ನೋಡಿದರೆ, ಊರಿನ ಬಂಡಿಗಳೆಲ್ಲ ಹಳೆಯ ದಾರಿ ಬಿಟ್ಟು, ಬದುವು ಇಳಿದು, ಗಾಲಿಯ ಗೆರೆ ಹಿಡಿದು ಸಾಲಾಗಿ ಅವನತ್ತಲೇ ಬರುತ್ತಿದ್ದವು.

ಎಲ್ಲಕ್ಕಿಂತ ಮುಂದಿನ ಬಂಡಿಯಲ್ಲಿ ಹೊನ್ನವ್ವ ಎದ್ದು ನಿಂತು ಬಾರುಕೋಲು ಬೀಸಿದಳು.

"ಲೇ ಶಂಕ್ರ್ಯಾ, ಜೀಪ ಬಾಜೂಕ ತಗಿಯೋ! ನಡು ರಸ್ತಾದಾಗ ನಿಲ್ಲಿಸಿದ್ರ ಮಂದಿ ಹ್ಯಾಂಗ ಹೋಗಬೇಕು?"