ಬೆಲ್ಟಿನ ನಾಡಿ ಹಿಡಿದ ಸಿಸ್ಟರ್

ಯಂತ್ರಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ಯಂತ್ರ ಹೇಳಿದ ಹಾಗೆ ಕೇಳುತ್ತದೆ, ಅದರ ಸುತ್ತ ನಿಂತವರು ಕೇಳುವುದಿಲ್ಲ. ಹಾಗಾಗಿ ನಗುವುದಕ್ಕೆ ನನಗೆ ಬರಗಾಲವೇ ಬಂದಿಲ್ಲ. ಪಡೀಲಿನ ಗೇರುಬೀಜದ ಕಾರ್ಖಾನೆಯಲ್ಲಂತೂ ನಕ್ಕು ನಕ್ಕು ಸಾಕಾಯಿತು.

ಪಲ್ಸ್

ಅಲ್ಲಿ ಬೀಜ ಬೆಲ್ಟಿನ ಮೇಲೆ ಕೂತು ಒಲೆಯೊಳಗೆ ಹಾದುಹೋಗಬೇಕು. ಬೆಲ್ಟು ನಿಧಾನವಾದರೆ ಬೀಜ ಕರಟುತ್ತದೆ, ಜೋರಾದರೆ ಹಸಿ ಉಳಿಯುತ್ತದೆ. ಶನಿವಾರ ದುಬೈ ವ್ಯಾಪಾರಿ ಪರೀಕ್ಷೆಗೆ ಬರುವವರಿದ್ದರು. ಅವರ ಆರ್ಡರ್ ತಪ್ಪಿದರೆ ಹುರಿಯುವ ವಿಭಾಗಕ್ಕೇ ಬೀಗ.

ನಾನು ಬೆಲ್ಟಿನ ಉರುಳೆಗೆ ಎನ್‌ಕೋಡರ್ ಜೋಡಿಸುತ್ತಿದ್ದೆ. ಅದರೊಳಗೆ ಕೂದಲಿನಷ್ಟು ಸಣ್ಣ ಸೀಳುಗಳಿರುವ ಒಂದು ಬಿಲ್ಲೆ. ತಿರುಗಿದಾಗ ಸೀಳುಗಳಲ್ಲಿ ಬೆಳಕು ಮಿಣಮಿಣ ಎನ್ನುತ್ತದೆ. ಒಂದೊಂದು ಮಿಣುಕೂ ಒಂದು ಪಲ್ಸ್. ಅದನ್ನು ಎಣಿಸಿಯೇ ಬೆಲ್ಟಿನ ವೇಗ ಹೇಳುವುದು. ಎಷ್ಟು ಸಲ ಜೋಡಿಸಿದರೂ ನನಗೆ ಅದರ ಬೆರಗು ಹೋಗಿಲ್ಲ.

ಮಾಲೀಕರ ತಾಯಿ ನಿವೃತ್ತ ನರ್ಸ್. ಕಾರ್ಖಾನೆಗೆಲ್ಲ ಅವರು ಸಿಸ್ಟರ್. ಪಲ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕುರ್ಚಿ ಎಳೆದುಕೊಂಡು ಬಂದರು.

"ಪಲ್ಸ್ ನೋಡ್ಲಿಕ್ಕೆ ಇಷ್ಟು ವಯರ್ ಎಂತಕ್ಕೆ ಮಾರಾಯ? ಕೈ ಎಲ್ಲುಂಟು ಹೇಳು, ನಾನು ಹಿಡೀತೇನೆ."

ಸತ್ತ ಮೇಲೆ

ಮರುದಿನ ಬೆಲ್ಟ್ ನಿಲ್ಲಿಸಿದೆ. ಆದರೆ ಪರದೆಯ ಮೇಲೆ ವೇಗ ಕುಣಿಯುತ್ತಲೇ ಇತ್ತು! ಸಿಸ್ಟರ್ ಶಿಲುಬೆಯ ಗುರುತು ಹಾಕಿಕೊಂಡರು.

"ಸತ್ತ ಮೇಲೂ ಪಲ್ಸ್ ಉಂಟು! ಇಂಥ ಪೇಶಂಟನ್ನು ನಾನು ನೋಡ್ಲೇ ಇಲ್ಲ."

ಬೆಳಕು ಸರಿಯಾಗಿ ಒಂದು ಸೀಳಿನ ಅಂಚಿಗೆ ಬೀಳುವಂತೆ ಬಿಲ್ಲೆ ನಿಂತಿತ್ತು. ಪಕ್ಕದ ಫ್ಯಾನಿನ ನಡುಕಕ್ಕೆ ಅದೂ ನಡುಗುತ್ತಿತ್ತು, ಪ್ರೋಗ್ರಾಂ ಆ ನಡುಕವನ್ನೇ ಎಣಿಸುತ್ತಿತ್ತು. ಎನ್‌ಕೋಡರಿಗೆ ಎರಡು ಕಣ್ಣು. ಯಾವುದು ಮೊದಲು ಮಿಣುಕಿತು ಎಂಬುದರಿಂದ ಮುಂದೆಯೋ ಹಿಂದೆಯೋ ಗೊತ್ತಾಗುತ್ತದೆ. ನಾನು ಒಂದನ್ನೇ ಜೋಡಿಸಿದ್ದೆ, ಈಗ ಎರಡನ್ನೂ ಜೋಡಿಸಿದೆ. ಹಿಂದೆ ಮುಂದೆ ನಡುಗಿದ್ದು ಒಂದಕ್ಕೊಂದು ವಜಾ ಆಗಿ ವೇಗ ಸೊನ್ನೆಗೆ ಬಂತು. ನನಗೆ ಮೈ ಜುಮ್ಮೆಂದಿತು.

ಸಿಸ್ಟರ್ ಮಾತ್ರ ನಿಟ್ಟುಸಿರು ಬಿಟ್ಟರು. "ಪಾಪ, ಈಗ ನಿಜವಾಗಿ ಹೋಯ್ತು."

ಡಿಸ್ಚಾರ್ಜ್

ಶನಿವಾರ ವ್ಯಾಪಾರಿ ಬಂದರು. ಊರು ಇಲ್ಲೇ ಪಕ್ಕದ ತೊಕ್ಕೊಟ್ಟು, ಬೂಟು ಮಾತ್ರ ಫಳಫಳ ದುಬೈ. ಖಾಲಿ ಓಡುವ ಬೆಲ್ಟ್ ನೋಡಿ ಮೂಗು ಮುರಿದರು.

"ಖಾಲಿ ಇದ್ರೆ ಯಾವುದಾದ್ರೂ ಓಡ್ತದೆ. ಲೋಡ್ ಬಿದ್ರೆ ನಿಧಾನ ಆಗ್ತದೆ, ನನ್ನ ಬೀಜ ಕರಟಿ ಹೋಗ್ತದೆ."

ಮಾಲೀಕರ ಮುಖ ಬಾಡಿತು. ಸ್ವಲ್ಪ ಸ್ವಲ್ಪವೇ ಬೀಜ ಬಿಡುವ ಎಂದು ನನ್ನ ಕಿವಿಯಲ್ಲಿ ಹೇಳುತ್ತಿದ್ದರು. ಅಷ್ಟರಲ್ಲಿ ಪರದೆ ನೋಡುತ್ತಿದ್ದ ಸಿಸ್ಟರ್ ಗಟ್ಟಿಯಾಗಿ ಸಾರಿದರು:

"ಪಲ್ಸ್ ನಾರ್ಮಲ್ ಉಂಟು. ಡಿಸ್ಚಾರ್ಜ್ ಮಾಡಿ!"

ನಮ್ಮಲ್ಲಿ ಡಿಸ್ಚಾರ್ಜ್ ಎಂದರೆ ಬೀಜ ತುಂಬಿದ ದೊಡ್ಡ ತೊಟ್ಟಿಯ ಅಡಿಬಾಗಿಲು. ಆಪರೇಟರ್ ವಿಧೇಯನಾಗಿ ಪೂರ್ತಿ ತೆರೆದ. ತೊಟ್ಟಿಯ ಬೀಜವೆಲ್ಲ ಧಡಾರನೆ ಬೆಲ್ಟಿನ ಮೇಲೆ! ಬೆಲ್ಟಿನಲ್ಲಿ ಹಿಡಿಸದೆ ಉಕ್ಕಿದ್ದು ವ್ಯಾಪಾರಿಯ ಬೂಟಿನ ಮೇಲೆ.

ಮಾಲೀಕರು ಕಣ್ಣು ಮುಚ್ಚಿಕೊಂಡರು. ನಾನು ಉಸಿರು ಬಿಗಿಹಿಡಿದು ಪರದೆ ನೋಡಿದೆ. ವೇಗ ಒಮ್ಮೆ ಕುಸಿಯಿತು. ಪಲ್ಸ್ ಕಡಿಮೆಯಾದದ್ದು ಪ್ರೋಗ್ರಾಮಿಗೆ ತಿಳಿಯಿತು, ಅದು ಮೋಟಾರಿಗೆ ಇನ್ನಷ್ಟು ಬಲ ಕೊಟ್ಟಿತು, ವೇಗ ಮೆಲ್ಲಗೆ ಏರಿ ತನ್ನ ಜಾಗದಲ್ಲೇ ಕೂತಿತು. ಬರೆದವನು ನಾನೇ ಆದರೂ ಕೈ ಮುಗಿಯಬೇಕೆನಿಸಿತು.

ವ್ಯಾಪಾರಿ ಬೀಜದ ರಾಶಿಯಲ್ಲೇ ನಿಂತು ಪರದೆ ನೋಡಿದರು. "ಇಷ್ಟು ಲೋಡ್ ಹಾಕಿ ತೋರಿಸುವ ಧೈರ್ಯ ಯಾರಿಗೂ ಇರ್ಲಿಲ್ಲ. ಆರ್ಡರ್ ನಿಮಗೇ," ಎಂದು ಕೈ ಚಾಚಿದರು.

ಮಾಲೀಕರಿಗಿಂತ ಮೊದಲು ಆ ಕೈ ಹಿಡಿದವರು ಸಿಸ್ಟರ್. ಕುಲುಕಲಿಲ್ಲ. ಮಣಿಕಟ್ಟಿನ ಮೇಲೆ ಬೆರಳಿಟ್ಟು, ವಾಚು ನೋಡಿ, ಹೇಳಿದರು:

"ಬೆಲ್ಟಿಗೆ ಎಂತ ಇಲ್ಲ. ನಿಮ್ಮದೇ ಸ್ವಲ್ಪ ಜೋರುಂಟು, ಕೂತ್ಕೊಳ್ಳಿ."